ಫ್ರಿಜ್ಜಿನ ಕಾಲಡಿಯ ಹಿಮನಾಡು

ನಮ್ಮ ಮನೆಯ ಹಳೆಯ ಫ್ರಿಜ್ಜಿಗೆ ಒಂದು ಕಾಲು ಗಿಡ್ಡ. ಹುಟ್ಟಿನಿಂದಲೇ ಬಂದದ್ದೋ, ಅಲೆವೂರಿನ ಈ ಮನೆಗೆ ಬರುವಾಗ ಟೆಂಪೋದಿಂದ ಇಳಿಸಿದವರ ಉಪಕಾರವೋ ಗೊತ್ತಿಲ್ಲ. ಇಪ್ಪತ್ತು ವರ್ಷ ಅದು ಗೊಣಗುತ್ತಲೇ ನಮ್ಮ ದೋಸೆ ಹಿಟ್ಟು, ಬಂಗುಡೆ ಮೀನು, ಅರ್ಧ ಕಡಿ ತೆಂಗಿನಕಾಯಿಗಳನ್ನು ಕಾಪಾಡಿತು. ಈ ಮೇ ತಿಂಗಳ ಸೆಕೆಗೆ ನಮ್ಮಂತೆ ತಾನೂ ಬೆವರತೊಡಗಿದಾಗ ಹೊಸದನ್ನು ತರಿಸಿದೆವು. ಅಂಗಡಿಯವರು ಬಂದು ಹಳೆಯದನ್ನು ಎತ್ತಿದರು. ಗಿಡ್ಡ ಕಾಲಿನ ಅಡಿಯಲ್ಲಿ, ಜಿರಳೆ ಮೊಟ್ಟೆಗಳ ನಡುವೆ, ಒಂದು ಪುಸ್ತಕವಿತ್ತು.

"ಇದು ನಿಮ್ಮ ಭಾಷಣದ ಪುಸ್ತಕ ಅಲ್ವಾ?" ಎಂದಳು ನನ್ನ ಹೆಂಡತಿ ಸುಮತಿ.

ಅವಳು ಕಾರ್ಕಳದವಳು. ಅಲ್ಲಿಯ ಕಲ್ಲಿನ ಗುಣ ಸ್ವಲ್ಪ ಮಾತಿಗೂ ಬಂದಿದೆ. ನಾನು ಏನೂ ಅರಿಯದವನಂತೆ, "ಇದನ್ನು ಇಲ್ಲಿ ಇಟ್ಟವರು ಯಾರು?" ಎಂದು ಕೇಳಿದೆ.

"ನೀವೇ. ದಪ್ಪ ಸರಿಯಾಗಿ ಉಂಟು ಅಂತ ಹೇಳಿ ನೀವೇ ತುರುಕಿದ್ದು."

ಭಾಷಣದ ವಿಷಯ ಈಗ ನಿಮಗೆ ಹೇಳಲೇಬೇಕು. ಬ್ಯಾಂಕಿನಿಂದ ನಿವೃತ್ತನಾದವನಿಗೆ ನಮ್ಮ ಉಡುಪಿಯ ಕಡೆ ಎರಡೇ ದಾರಿ. ಒಂದು, ಯಾವುದಾದರೂ ಜೀರ್ಣೋದ್ಧಾರ ಸಮಿತಿ ಸೇರುವುದು. ಇನ್ನೊಂದು, ಭಾಷಣ ಮಾಡುವುದು. ಸಮಿತಿಗಳಲ್ಲಿ ಜಾಗ ಖಾಲಿ ಇರಲಿಲ್ಲ. ಹಾಗಾಗಿ ನಾನು ಶಾಲೆಗಳಿಗೆ ಹೋಗಿ ಓದುವ ಹವ್ಯಾಸದ ಬಗ್ಗೆ ಮಾತಾಡುವವನಾದೆ. ಭಾಷಣದ ಹೆಸರು 'ನನ್ನನ್ನು ಬೆಳೆಸಿದ ಪುಸ್ತಕ'. ಉತ್ತರದ ತುದಿಯ ಹಿಮನಾಡು, ಅಲ್ಲಿ ಹಿಮಸಾರಂಗಗಳನ್ನು ಮೇಯಿಸುವ ಮುದುಕ, ಅವನ ಕುಂಟ ನಾಯಿ, ಹಿಂದೆ ಬಿದ್ದ ತೋಳಗಳು, ಹೆಪ್ಪುಗಟ್ಟಿದ ನದಿ. ಹಿಂಡನ್ನು ದಾಟಿಸಿ ಹಿಂದಿರುಗುವಾಗ ನದಿಯ ನಟ್ಟನಡುವೆ ನಾಯಿಯ ಕಾಲಡಿಯ ಹಿಮ ಬಿರಿಯುತ್ತದೆ. ಅಲ್ಲಿ ನಾನು ನಿಲ್ಲಿಸಿ ನೀರು ಕುಡಿಯುತ್ತೇನೆ. ಸಭೆ ಉಸಿರು ಹಿಡಿದಿರುತ್ತದೆ. ಆಮೇಲೆ, "ಆ ಪುಸ್ತಕ ಕಾಲಪ್ರವಾಹದಲ್ಲಿ ಎಲ್ಲೋ ಕಳೆದುಹೋಯಿತು, ಮಕ್ಕಳೇ" ಎಂದು ಕನ್ನಡಕ ಒರೆಸಿಕೊಳ್ಳುತ್ತೇನೆ. ಕಾಲಪ್ರವಾಹ ಹರಿದದ್ದು ನಮ್ಮ ಅಡುಗೆಮನೆಯ ಮೂಲೆಯಲ್ಲಿ.

ನಾಯಿ ಏನಾಯಿತು ಎಂದು ಕೇಳುತ್ತೀರಿ. ಅದು ಸಭೆಯನ್ನು ನೋಡಿ ತೀರ್ಮಾನವಾಗುತ್ತಿತ್ತು. ಪ್ರಾಥಮಿಕ ಶಾಲೆಯಾದರೆ ನಾಯಿ ಬದುಕುತ್ತಿತ್ತು. ಸಾಹಿತ್ಯಾಸಕ್ತರ ಕೂಟವಾದರೆ ಸಾಯುತ್ತಿತ್ತು, ಏಕೆಂದರೆ ಅವರಿಗೆ ಬದುಕಿದ ನಾಯಿಯಿಂದ ಸಮಾಧಾನವಾಗುವುದಿಲ್ಲ. ಒಮ್ಮೆ ಮಧ್ಯಾಹ್ನದ ಊಟಕ್ಕೆ ತಡವಾಗುತ್ತಿದ್ದ ಸಮಾರಂಭದಲ್ಲಿ ನಾಯಿಯನ್ನು ನದಿಗೇ ತರದೆ ಮುಗಿಸಿದ್ದೇನೆ. ಈ ನಾಯಿಯನ್ನು ನಾನು ಎಷ್ಟು ಸಲ ಮುಳುಗಿಸಿದ್ದೇನೆ, ಎಷ್ಟು ಸಲ ಎತ್ತಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಸತ್ಯ ಏನೆಂದರೆ, ನನಗೇ ಗೊತ್ತಿಲ್ಲ. ಪುಸ್ತಕದ ಕೊನೆಯ ಹದಿನಾರು ಪುಟಗಳು ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಿನಂತಾಗಿವೆ. ಅಂಟಿಸಿದವನು ನಾನೇ.

ನಾನು ಬೆಳೆದದ್ದು ಮಲ್ಪೆಯಲ್ಲಿ. ತಂದೆ ಐಸ್ ಪ್ಲಾಂಟಿನಲ್ಲಿ ಮೆಷಿನು ನೋಡಿಕೊಳ್ಳುತ್ತಿದ್ದರು. ಹಾಗಾಗಿ ಜಗತ್ತಿನ ಬೇರೆ ಮಕ್ಕಳು ಹಿಮವನ್ನು ಚಿತ್ರದಲ್ಲಿ ನೋಡುತ್ತಿದ್ದಾಗ ನಾನು ಅದನ್ನು ಬುಟ್ಟಿಯಲ್ಲಿ ನೋಡುತ್ತಿದ್ದೆ. ಆದರೆ ನಮ್ಮ ಐಸಿಗೆ ಮೀನಿನ ವಾಸನೆ. ಅದನ್ನು ಬಾಯಿಗೆ ಹಾಕಿದರೆ ಅಮ್ಮ ಬೆನ್ನಿಗೆ ಕೊಡುತ್ತಿದ್ದರು. ಪುಸ್ತಕದಲ್ಲಿ ಮಕ್ಕಳು ಹಿಮವನ್ನು ಉಂಡೆ ಕಟ್ಟಿ ತಿಂದರು ಎಂದು ಓದಿದಾಗ ನನಗೆ ವಾಕರಿಕೆ ಬಂತು. ಆ ದೇಶದವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ ಅನ್ನಿಸಿತು.

ತಂದೆಯವರಿಗೆ ಅದು ನಂಬುವ ಮಾತೇ ಆಗಿರಲಿಲ್ಲ. "ಮೇಲಿಂದ ಐಸು ಬೀಳ್ತದೆ ಅಂತ ಪುಸ್ತಕದಲ್ಲಿ ಉಂಟಾ?" ಎಂದು ಕೇಳಿದರು. ಉಂಟು ಎಂದೆ. "ಕರೆಂಟಿಲ್ಲದೆ?" ಎಂದರು. ಹೌದು ಎಂದೆ. ವಾರಕ್ಕೆ ಮೂರು ದಿನ ಕರೆಂಟು ಕೈಕೊಟ್ಟು ಬೋಟಿನವರಿಂದ ಬಾಯಿಗೆ ಬಂದಂತೆ ಬೈಸಿಕೊಳ್ಳುತ್ತಿದ್ದ ಮನುಷ್ಯ ಅವರು. "ಪುಣ್ಯವಂತರು" ಎಂದು ಹೇಳಿ ಮತ್ತೆ ಮೆಷಿನಿನ ಕಡೆ ತಿರುಗಿದರು.

ಈ ಪುಸ್ತಕ ಬಂದದ್ದು ನಮ್ಮ ಶಾಲೆಯ ಲೈಬ್ರರಿಯಿಂದ. ಲೈಬ್ರರಿ ಎಂದರೆ ಹೆಡ್‌ಮಾಸ್ಟ್ರ ಕೋಣೆಯಲ್ಲಿದ್ದ ಒಂದು ಕಪಾಟು. ಕಪಾಟು ಎಂದರೆ ಒಂದು ಬೀಗ. ಬೀಗ ಎಂದರೆ ಉಪಾಧ್ಯ ಮಾಸ್ಟ್ರ ಜನಿವಾರದಲ್ಲಿ ನೇತಾಡುತ್ತಿದ್ದ ಕೀಲಿಕೈ. ಉಡುಪಿಯ ಮಠದ ಬೀದಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅವರು ಒಳ್ಳೆಯವರು. ಪುಸ್ತಕಗಳಿಗೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ, ಕಪಾಟಿನಲ್ಲಿ ಕರ್ಪೂರ ಇಟ್ಟು, ಮಕ್ಕಳಂತೆ ನೋಡಿಕೊಳ್ಳುತ್ತಿದ್ದರು. ಮಕ್ಕಳನ್ನು ಮಾತ್ರ ಪುಸ್ತಕದ ಶತ್ರುಗಳಂತೆ ನೋಡುತ್ತಿದ್ದರು. ಶನಿವಾರ ಕೊನೆಯ ಪೀರಿಯಡಿನಲ್ಲಿ ಸಾಲಾಗಿ ನಿಂತು ಪುಸ್ತಕ ವಾಪಸ್ ಕೊಡಬೇಕು. ಅವರು ಪುಟ ಎಣಿಸುತ್ತಿರಲಿಲ್ಲ, ಹರಿದಿದೆಯೇ ನೋಡುತ್ತಿರಲಿಲ್ಲ. ಮೂಗಿನ ಬಳಿ ತಂದು ಮೂಸುತ್ತಿದ್ದರು. ಮೀನಿನ ವಾಸನೆ ಬಂದರೆ ಪುಸ್ತಕ ಕಿಟಕಿಯ ಬಿಸಿಲಿಗೆ, ತಂದವನ ಹೆಸರು ಕೆಂಪು ಶಾಯಿಗೆ. ಒಂದು ತಿಂಗಳು ಅವನಿಗೆ ಪುಸ್ತಕವಿಲ್ಲ.

ಬಂದರಿನ ಶಾಲೆ. ಮನೆಯಲ್ಲಿ ಮೀನಿಲ್ಲದ ಮಕ್ಕಳು ಇಬ್ಬರೋ ಮೂವರೋ ಇದ್ದಿರಬಹುದು. ಹಾಗಾಗಿ ಲೈಬ್ರರಿ ಬಹಳ ಚೆನ್ನಾಗಿ ಉಳಿದುಕೊಂಡಿತ್ತು. ತಪಾಸಣೆಗೆ ಬಂದ ಅಧಿಕಾರಿಗಳು ಹೊಸದರಂತಿದ್ದ ಪುಸ್ತಕಗಳನ್ನು ಕಂಡು ಮೆಚ್ಚಿ ಬರೆದು ಹೋಗುತ್ತಿದ್ದರು.

ಈ ಮೂಗಿನ ಪರೀಕ್ಷೆಯಲ್ಲಿ ಒಮ್ಮೆಯೂ ಫೇಲಾಗದವಳು ನನ್ನ ಕ್ಲಾಸಿನ ಯಶೋದ. ಅವಳ ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವರು. ಯಶೋದ ಲೈಬ್ರರಿ ಪುಸ್ತಕವನ್ನು ಸಾಬೂನು ಇಡುವ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು, ಕೈ ಮೂರು ಸಲ ತೊಳೆದು ಓದುತ್ತಿದ್ದಳು. ಇಡೀ ಶಾಲೆಯಲ್ಲಿ ಅವಳಷ್ಟು ಓದಿದವರಿರಲಿಲ್ಲ. ನನ್ನ ಹೆಸರೋ, ವರ್ಷವಿಡೀ ಕೆಂಪು ಶಾಯಿಯಲ್ಲೇ ಇತ್ತು. ಹಾಗಾಗಿ ಹಿಮನಾಡಿನ ಪುಸ್ತಕ ಕಣ್ಣಿಗೆ ಬಿದ್ದಾಗ, "ನಿನ್ನ ಹೆಸರಲ್ಲಿ ತೆಗೆ, ಇಬ್ಬರೂ ಓದುವ" ಎಂದು ಅವಳನ್ನು ಗೋಗರೆದೆ. ಅವಳು ಒಪ್ಪಿದಳು. ಬೆಳಿಗ್ಗೆ ಅವಳದ್ದು, ಸಂಜೆ ನನ್ನದು.

ಅದರಲ್ಲಿ ಕಾಡು, ಪ್ರಾಣಿ, ಚರಿತ್ರೆ ಮೂರೂ ಇದ್ದವು. ಚರಿತ್ರೆ ಬಂದಲ್ಲೆಲ್ಲ ನಾನು ಪುಟ ಹಾರಿಸಿದೆ. ತುಪ್ಪಳದ ವ್ಯಾಪಾರಕ್ಕೆ ಹೋದ ಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದು ಆರು ತಿಂಗಳು ನಿಂತವು ಎಂಬ ಭಾಗವನ್ನು ಯಶೋದ ಎರಡೆರಡು ಸಲ ಓದಿದಳು. "ಅಷ್ಟು ಐಸು ಸುಮ್ಮನೆ ಬಿದ್ದುಕೊಂಡು ಉಂಟು. ಹಡಗು ತುಂಬ ಮೀನು ಹಿಡಿಯುವುದು ಬಿಟ್ಟು ಅಳ್ತಾ ಕೂತಿದ್ದಾರೆ ಮಾರಾಯ" ಎಂಬುದು ಅವಳ ವಿಮರ್ಶೆ. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈಚಿನ ಯಾವ ಪುಸ್ತಕ ಬಿಡುಗಡೆಯಲ್ಲೂ ಕೇಳಿಲ್ಲ.

ಅದೇ ವಾರ ಶಾಲೆಯಿಂದ ಕಾರ್ಕಳಕ್ಕೆ ಪ್ರವಾಸ ಹೋದೆವು. ಗೊಮ್ಮಟನಿರುವ ಹಾಸುಬಂಡೆ ನೋಡಿದ್ದೇ ನನಗೆ ಅದು ಹಿಮದ ಬೆಟ್ಟವಾಗಿ ಕಂಡಿತು. ಚಪ್ಪಲಿಯನ್ನು ಕೆಳಗೆ ಬಿಟ್ಟಾಗಿತ್ತು. ನಾನು ಮುದುಕ, ಯಶೋದ ಹಿಂಡು. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಬರಿಗಾಲಿನಲ್ಲಿ ಮೆಟ್ಟಿಲು ಬಿಟ್ಟು ಬಂಡೆಯ ಮೇಲೆ ದಂಡಯಾತ್ರೆ ಹೊರಟೆವು. ಹತ್ತು ಹೆಜ್ಜೆಗೆ ಅಂಗಾಲಿನಲ್ಲಿ ಬೊಬ್ಬೆ ಎದ್ದಿತು. ಕುಂಟುತ್ತ ಬಸ್ಸು ಹತ್ತಿದಾಗ ಯಶೋದ, "ಇನ್ನು ನೀನೇ ನಾಯಿ" ಎಂದಳು. ಸುಮತಿಗೆ ನಾನು ಈ ಕತೆಯನ್ನು ಮದುವೆಯ ಹೊಸತರಲ್ಲಿ ಹೇಳಿದ್ದೆ, ಯಶೋದಳ ಹೆಸರು ಬಿಟ್ಟು.

ತೊಂಬತ್ತಾರನೆಯ ಪುಟದಲ್ಲಿ ನಾಯಿಯ ಕಾಲಡಿ ಹಿಮ ಬಿರಿಯಿತು. ಅದು ಗುರುವಾರ ಸಂಜೆ, ನನ್ನ ಸರದಿ. ಯಶೋದ ಬೆಳಿಗ್ಗೆ ಅಲ್ಲಿಯವರೆಗೆ ಓದಿ ಹಾಳೆಯ ನಡುವೆ ಕಡ್ಡಿ ಇಟ್ಟು ಕೊಟ್ಟಿದ್ದಳು. "ಓದಿ ಮುಗಿಸು. ಆದರೆ ನಾಳೆ ನಾನು ಓದುವವರೆಗೆ ಎಂತದೂ ಹೇಳಬೇಡ" ಎಂದಿದ್ದಳು. ಆಗ ನನ್ನ ತಲೆಗೆ ಆ ಘನವಾದ ಯೋಚನೆ ಬಂತು. ಇಂಥ ಪುಟವನ್ನು ಮನೆಯ ಜಗಲಿಯಲ್ಲಿ ಬೆವರುತ್ತ ಓದಬಾರದು, ಹಿಮದಲ್ಲೇ ಕೂತು ಓದಬೇಕು. ಅಜ್ಜನ ಮಂಕಿ ಕ್ಯಾಪ್ ಹಾಕಿಕೊಂಡು, ಗೋಣಿಚೀಲ ಹೊದ್ದು, ಐಸ್ ಪ್ಲಾಂಟಿನ ಹಿಂಬಾಗಿಲಿನಿಂದ ನುಗ್ಗಿದೆ. ಐಸಿನ ದೊಡ್ಡ ಗಟ್ಟಿಯ ಮೇಲೆ ಕೂತು, ಪುಸ್ತಕವನ್ನು ಪಕ್ಕದ ಗಟ್ಟಿಯ ಮೇಲಿಟ್ಟು, ಕರಡಿಯ ಚರ್ಮದಂತೆ ಕಾಣಲಿ ಎಂದು ಗೋಣಿ ಸರಿಮಾಡಿಕೊಳ್ಳುತ್ತಿದ್ದೆ. ಪಕ್ಕದ ಗಟ್ಟಿ ಹಲಗೆಯ ಮೇಲೆ ಸರ್ರನೆ ಜಾರಿತು. ಪುಸ್ತಕ ಮೀನಿನ ಐಸು ಕರಗಿ ಹರಿಯುವ ಚರಂಡಿಗೆ ಬಿತ್ತು.

ಒದ್ದೆಯಾದದ್ದನ್ನು ಒಣಗಿಸಬೇಕು ಎಂಬುದು ನಮ್ಮ ಊರಿನ ಮಗುವಿಗೂ ಗೊತ್ತು. ಎಲ್ಲಿ ಒಣಗಿಸಬೇಕು ಎಂಬುದೂ ಗೊತ್ತು. ಮರುದಿನ ಶಾಲೆಗೆ ಚಕ್ಕರ್ ಹಾಕಿ, ಕಡಲ ಬದಿಯ ಮರಳಿನಲ್ಲಿ ಒಣಮೀನು ಹರಡುವ ಚಾಪೆಯ ಮೇಲೆ, ನಂಗು ಮೀನುಗಳ ಸಾಲಿನಲ್ಲಿ ಪುಸ್ತಕವನ್ನೂ ಹರಡಿದೆ. ಎರಡು ಸಲ ಮಗುಚಿ ಹಾಕಿದೆ. ಸಂಜೆಗೆ ಅದು ಚೆನ್ನಾಗಿ ಒಣಗಿತ್ತು. ರಟ್ಟು ಕಳಚಿತ್ತು, ಕೊನೆಯ ಹಾಳೆಗಳು ಅಂಟಿ ಹಲಗೆಯಾಗಿದ್ದವು. ವಾಸನೆಯನ್ನು ವರ್ಣಿಸುವ ಅಗತ್ಯವಿಲ್ಲ. ಕಾಗೆಗಳು ಬಂದು ಕೂತಿದ್ದವು.

ಇದನ್ನು ಉಪಾಧ್ಯ ಮಾಸ್ಟ್ರ ಮೂಗಿನ ಮುಂದೆ ಹಿಡಿಯುವ ಧೈರ್ಯ ಯಾರಿಗೆ? ಯಶೋದಳಿಗೆ, "ಪುಸ್ತಕ ಕಡಲಿಗೆ ಬಿತ್ತು" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ನಾಯಿ?" ಎಂದಳು. "ಓದಲಿಲ್ಲ" ಎಂದೆ. ನಾನು ಅವಳಿಗೆ ಹೇಳಿದ್ದರಲ್ಲಿ ಅದೊಂದೇ ನಿಜ.

ಶನಿವಾರ ಅವಳು ಮಾಸ್ಟ್ರ ಮುಂದೆ ನಿಂತು, "ಪುಸ್ತಕ ಕಳೆದುಹೋಯ್ತು ಸರ್" ಎಂದಳು. ಯಾರಿಂದ ಎಂದು ಹೇಳಲಿಲ್ಲ. ಮಾಸ್ಟ್ರಿಗೆ ಸಿಟ್ಟಿಗಿಂತ ಬೇಸರವಾಯಿತು. "ನೀನೂ ಹೀಗೆ ಮಾಡಿದೆಯಾ?" ಎಂದರು. ಅವಳ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಪುಸ್ತಕ ತಂದುಕೊಡುವವರೆಗೆ ಬೇರೆ ಪುಸ್ತಕ ಇಲ್ಲ ಎಂದರು. ಕೊಡಲು ಪುಸ್ತಕವಿಲ್ಲದಿದ್ದರೂ ನಾನು ಸಾಲಿನಲ್ಲಿ ಅವಳ ಹಿಂದೆಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆರನೆಯ ಕ್ಲಾಸು ಮುಗಿಯಿತು, ಏಳನೆಯದೂ ಮುಗಿಯಿತು, ಅವಳಿಗೆ ಕಪಾಟು ತೆರೆಯಲಿಲ್ಲ. ಏಳನೆಯ ನಂತರ ಅವಳು ಶಾಲೆ ಬಿಟ್ಟು ಅಮ್ಮನ ಜತೆ ಬುಟ್ಟಿ ಹಿಡಿದಳು. ಆ ಎರಡು ವರ್ಷ ಲೈಬ್ರರಿ ಪೀರಿಯಡಿನಲ್ಲಿ ಅವಳು ಕಿಟಕಿಯ ಬಳಿ ಕೂತು, ಬಿಸಿಲಿಗೆ ಇಟ್ಟ ಶಿಕ್ಷೆಯ ಪುಸ್ತಕಗಳ ಬೆನ್ನಿನ ಹೆಸರು ಓದುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ. ನೆನೆದರೆ ನಾಚಿಕೆಯಾಗುತ್ತದೆ. ಭಾಷಣದಲ್ಲಿ ಈ ಭಾಗ ಇಲ್ಲ.

ಇಷ್ಟನ್ನೂ ಫ್ರಿಜ್ಜು ಬದಲಾದ ದಿನ ಸುಮತಿಗೆ ಹೇಳಬೇಕಾಯಿತು. ಏಕೆಂದರೆ ಮೊದಲ ಪುಟದಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಮಾಸ್ಟ್ರ ದುಂಡಗಿನ ಅಕ್ಷರದಲ್ಲಿ 'ಯಶೋದ, ಆರನೇ ತರಗತಿ' ಎಂದಿತ್ತು. "ಯಾರಿದು?" ಎಂದು ಅವಳು ಕೇಳಿದ ರೀತಿಗೆ ಸುಳ್ಳು ಹೊಂದುತ್ತಿರಲಿಲ್ಲ.

ಪೂರ್ತಿ ಕೇಳಿ ಅವಳು, "ಅವರು ಈಗ ಎಲ್ಲಿದ್ದಾರೆ?" ಎಂದಳು.

"ಕಾಪುವಿನಲ್ಲಿ. ಮದುವೆಯಾಗಿ ಹೋದದ್ದು ಅಲ್ಲಿಗೆ. ಪೇಟೆಯಲ್ಲಿ ಮೀನು ಮಾರ್ತಾಳೆ."

"ಅದಕ್ಕಾ ನಾವು ಕಾಪುವಿಗೆ ಹೋದಾಗಲೆಲ್ಲ ನೀವು ಕೋಳಿ ತೆಗೆದುಕೊಳ್ಳುವುದು?"

ಆ ಭಾನುವಾರ ಮಣಿಪಾಲದಲ್ಲಿ ಮಕ್ಕಳ ಬೇಸಿಗೆ ಶಿಬಿರದಲ್ಲಿ ನನ್ನ ಭಾಷಣವಿತ್ತು. ಕಳೆದುಹೋದ ಪುಸ್ತಕವನ್ನು ವೇದಿಕೆಯಲ್ಲೇ ಎತ್ತಿ ಹಿಡಿದರೆ ಹೇಗಿರುತ್ತದೆ ಎಂದು ಮನಸ್ಸು ಆಗಲೇ ಚಪ್ಪಾಳೆ ಕೇಳಿಸಿಕೊಳ್ಳುತ್ತಿತ್ತು. "ಭಾಷಣ ಆದ ಮೇಲೆ ಅವಳಿಗೆ ಕೊಡುತ್ತೇನೆ" ಎಂದೆ.

"ಭಾಷಣ ಆದ ಮೇಲೆ ನೀವು ಕೊಡುವುದಿಲ್ಲ. ಮೊದಲು ಹೋಗಿ."

ಶನಿವಾರ ಬೆಳಿಗ್ಗೆ ಹೋದೆ. ತೋರಿಸಿ, ಕ್ಷಮೆ ಕೇಳಿ, ಪುಸ್ತಕವನ್ನು ವಾಪಸ್ ತರುವುದು ನನ್ನ ಲೆಕ್ಕಾಚಾರ. ಯಶೋದ ಮಲ್ಪೆಯ ಏಲಂನಿಂದ ಬಂದು ಮೀನು ಹರಡಿ ಕೂತಿದ್ದಳು. ತಲೆ ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ಮದುವೆಮನೆಗಳಲ್ಲಿ ದೂರದಿಂದ ಕೈ ಎತ್ತಿದ್ದು ಬಿಟ್ಟರೆ ನಾವು ಮಾತಾಡಿ ಬಹಳ ವರ್ಷವಾಗಿತ್ತು. ಮಾತು ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.

"ಬ್ಯಾಂಕಿನವರು. ಎಂತ ಬೇಕು? ಬಂಗುಡೆ ತಾಜಾ ಉಂಟು" ಎಂದಳು.

ನಾನು ಚೀಲದಿಂದ ಪುಸ್ತಕ ತೆಗೆದು ಅವಳ ಮುಂದೆ ಹಿಡಿದೆ. ಅವಳು ಕೂಡಲೇ ಮುಟ್ಟಲಿಲ್ಲ. ಪಕ್ಕದ ಬಕೆಟಿನಲ್ಲಿ ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ಮೂರನೆಯ ಸಲವೂ ತೊಳೆದು ಸೆರಗಿಗೆ ಒರೆಸಿಕೊಂಡಳು. ಪುಸ್ತಕ ತೆಗೆದುಕೊಂಡು ಚೀಟಿ ನೋಡಿದಳು. ಆಮೇಲೆ ಮೂಗಿನ ಹತ್ತಿರ ತಂದು, ಥೇಟ್ ಮಾಸ್ಟ್ರ ಹಾಗೆ, ಮೂಸಿದಳು.

"ಈಗ ವಾಸನೆ ಇಲ್ಲ. ಮಾಸ್ಟ್ರು ಈಗ ತೆಗೆದುಕೊಳ್ತಿದ್ದರು" ಎಂದಳು.

"ಯಶೋದ, ಕಡಲಿಗೆ ಬಿದ್ದದ್ದಲ್ಲ."

"ಗೊತ್ತುಂಟು. ಪುಸ್ತಕ ನಂಗಿನ ಒಟ್ಟಿಗೆ ಒಣಗ್ತಾ ಇದ್ದದ್ದನ್ನು ಅಮ್ಮ ನೋಡಿದ್ದರು."

"ಮತ್ತೆ ಮಾಸ್ಟ್ರ ಹತ್ತಿರ ಯಾಕೆ ಹೇಳಲಿಲ್ಲ?"

"ನೀನು ಹೇಳ್ತಿ ಅಂತ ಇದ್ದೆ. ಹಿಂದೆಯೇ ನಿಂತಿದ್ದಿಯಲ್ವಾ?" ಸಿಟ್ಟಿನಿಂದಲ್ಲ, ಮೀನಿನ ತೂಕ ಹೇಳುವಂತೆ ಹೇಳಿದಳು. "ಅದು ಬಿಡು. ಆ ನಾಯಿ ಬದುಕಿತಾ?"

ನಲವತ್ತೆಂಟು ವರ್ಷವಾಗಿತ್ತು. ನಾನು ಅವಳಿಂದ ಬೈಗುಳ ನಿರೀಕ್ಷಿಸಿದ್ದೆ, ಅಳುವನ್ನೂ ನಿರೀಕ್ಷಿಸಿದ್ದೆ, ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ನಾಯಿಯನ್ನು ಮಾತ್ರ ನಿರೀಕ್ಷಿಸಿರಲಿಲ್ಲ. "ಗೊತ್ತಿಲ್ಲ, ಹಾಳೆ ಅಂಟಿದೆ" ಎಂದೆ.

"ಇಷ್ಟು ವರ್ಷ ಬಿಡಿಸಲಿಲ್ವಾ?"

"ಮೊದಲು ಹೆದರಿಕೆಯಾಯ್ತು, ನಾಯಿ ಸತ್ತಿದ್ದರೆ ಅಂತ. ಆಮೇಲೆ ಮರೆತೆ."

ಅವಳು ಅಂಟಿದ ಹಾಳೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. "ಬಿಡಿಸಲಿಕ್ಕೆ ಆಗ್ತದೆ. ನಂಗಿನ ಚರ್ಮ ತೆಗೆದ ಹಾಗೆ ತಲೆಯ ಹತ್ತಿರದಿಂದ ಹಿಡಿಯಬೇಕು, ಅವಸರ ಮಾಡಬಾರದು" ಎಂದು ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನ ಊಟದ ಚೀಲದೊಳಗೆ ಇಟ್ಟಳು.

"ಯಶೋದ, ನಾಳೆ ನನಗೊಂದು ಭಾಷಣ ಉಂಟು. ಪುಸ್ತಕ ಬೇಕಿತ್ತು. ಸೋಮವಾರ ಕೊಡ್ತೇನೆ."

"ನನ್ನ ಹೆಸರಲ್ಲಿ ಉಂಟಲ್ವಾ?" ಎಂದಳು. ಹಿಂದೆ ನಿಂತ ಗಿರಾಕಿಗೆ ಬಂಗುಡೆ ಎತ್ತಿ ತೋರಿಸಿದಳು. ನಮ್ಮ ಮಾತು ಮುಗಿದಿತ್ತು. ಕ್ಷಮೆ ಕೇಳುವುದು ಬಾಕಿ ಇದೆ ಎಂದು ನೆನಪಾದಾಗ ನಾನು ಬಸ್ಸಿನಲ್ಲಿದ್ದೆ.

ಭಾನುವಾರ ಮಣಿಪಾಲಕ್ಕೆ ಬರಿಗೈಯಲ್ಲಿ ಹೋದೆ. ಹೊರಗೆ ಡಾಮರು ಕರಗುವ ಬಿಸಿಲು, ಒಳಗೆ ಏಸಿ ಹಾಕಿ ಹಿಮನಾಡು ಮಾಡಿದ್ದರು. ಥರ್ಮೋಕೋಲಿನ ಗುಡ್ಡ, ಹತ್ತಿಯ ಹಿಮ, ಜಾಕೆಟ್ಟು ಹಾಕಿ ಸೀನುತ್ತಿದ್ದ ಮಕ್ಕಳು. ಬಿಳಿ ಕರಡಿಯೊಂದು ಪೆಂಗ್ವಿನ್ನಿನ ಕೈ ಕುಲುಕುತ್ತಿತ್ತು. ಪೆಂಗ್ವಿನ್ ಇರುವುದು ದಕ್ಷಿಣದಲ್ಲಲ್ಲವೇ ಎಂದು ಶಿಬಿರ ನಡೆಸುವ ಹೆಣ್ಣುಮಗಳನ್ನು ಕೇಳಿದೆ. "ಎರಡೂ ಒಂದೇ ಸೆಟ್ಟಿನಲ್ಲಿ ಬಂದದ್ದು ಸರ್" ಎಂದಳು. ಆಮೇಲೆ, "ನಿಮ್ಮ ಭಾಷಣದಿಂದ ಮಕ್ಕಳು ಮನೆಗೆ ಏನು ತೆಗೆದುಕೊಂಡು ಹೋಗಬೇಕು ಅಂತ ಒಂದು ಸಾಲಿನಲ್ಲಿ ಹೇಳಿ ಸರ್, ಬ್ಯಾನರಿನಲ್ಲಿ ಹಾಕಲಿಕ್ಕೆ" ಎಂದಳು. ನೆಗಡಿ ಎಂದು ಹೇಳುವ ಬಯಕೆಯನ್ನು ತಡೆದುಕೊಂಡೆ.

ಕತೆ ಹೇಳಿದೆ. ಹಿಮ ಬಿರಿಯಿತು. ನೀರು ಕುಡಿದೆ. ಈ ಸಲ ಕನ್ನಡಕ ಒರೆಸಲಿಲ್ಲ. "ಕೊನೆ ನನಗೆ ಗೊತ್ತಿಲ್ಲ" ಎಂದೆ. ಮುಂದಿನ ಸಾಲಿನ ಒಬ್ಬಳು ಪುಟ್ಟ ಹುಡುಗಿ ಜಾಕೆಟ್ಟಿನ ಟೋಪಿ ಸರಿಸಿ, "ಹಾಗಾದರೆ ನೀವು ಪುಸ್ತಕ ಓದಿಲ್ವಾ ಅಂಕಲ್?" ಎಂದು ಕೇಳಿದಳು. ಓದಿಲ್ಲ ಎಂದೆ. ಸಭೆ ನಕ್ಕಿತು. ನನ್ನ ಭಾಷಣಕ್ಕೆ ಜನ ನಿಜವಾಗಿ ನಕ್ಕದ್ದು ಅದೇ ಮೊದಲು. ಆ ಶಿಬಿರದವರು ನನ್ನನ್ನು ಮತ್ತೆ ಕರೆಯುವ ಹಾಗೆ ಕಾಣುವುದಿಲ್ಲ.

ಈಗ ನಾನು ಶನಿವಾರ ತಪ್ಪದೆ ಕಾಪುವಿಗೆ ಹೋಗುತ್ತೇನೆ. ಯಶೋದ ಕೊಟ್ಟ ಮೀನು ತರುತ್ತೇನೆ. ಎರಡನೆಯ ವಾರ ಕ್ಷಮೆಯನ್ನೂ ಕೇಳಿದೆ. "ಆಯ್ತು, ಚಿಲ್ಲರೆ ಉಂಟಾ?" ಎಂದಳು. ಪುಸ್ತಕವನ್ನು ಅವಳು ಮೊದಲ ಪುಟದಿಂದ ಓದುತ್ತಿದ್ದಾಳೆ, ಮೀನು ಖಾಲಿಯಾದ ಮೇಲೆ, ದಿನಕ್ಕೆ ಎರಡು ಮೂರು ಪುಟ. ಹಡಗಿನ ಭಾಗವನ್ನು ಈ ಸಲವೂ ಎರಡು ಸಲ ಓದಿದಳಂತೆ.

ಮೊನ್ನೆ ಕೇಳಿದೆ. "ಎಷ್ಟನೆಯ ಪುಟ?"

"ಎಂಬತ್ತೊಂದು."

"ಕೊನೆಯ ಹಾಳೆಗಳು ಬಿಟ್ಟವಾ?"

"ಎಲ್ಲ ಬಿಟ್ಟಿವೆ. ಒಂದೂ ಹರಿಯಲಿಲ್ಲ."

"ಮತ್ತೆ ನಾಯಿ ಎಂತ ಆಯ್ತು?"

"ನೋಡಲಿಲ್ಲ. ಅಲ್ಲಿಯವರೆಗೆ ಬರಬೇಕಲ್ವಾ."

ತೊಂಬತ್ತಾರಕ್ಕೆ ಇನ್ನು ಹದಿನೈದು ಪುಟ ಬಾಕಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎದೆ ಆರನೆಯ ಕ್ಲಾಸಿನಲ್ಲಿ ಹೊಡೆದುಕೊಂಡ ಹಾಗೆ ಹೊಡೆದುಕೊಳ್ಳುತ್ತಿತ್ತು. "ಮುಗಿದ ಮೇಲೆ ನನಗೆ ಕೊಡ್ತಿಯಲ್ವಾ?" ಎಂದೆ.

ಯಶೋದ ನನ್ನ ಚೀಲಕ್ಕೆ ಬಂಗುಡೆ ಹಾಕಿ ಬಾಯಿ ಕಟ್ಟಿದಳು.

"ಮುಗಿದ ಮೇಲೆ ಶಾಲೆಗೆ ವಾಪಸ್ ಕೊಡ್ತೇನೆ, ಕೆಂಪು ಶಾಯಿಯಲ್ಲಿದ್ದ ನನ್ನ ಹೆಸರು ಹೊಡೆದು ಹಾಕಿಸಬೇಕು. ನಿನಗೆ ಬೇಕಾದರೆ ಅಲ್ಲಿ ಹೋಗಿ ನಿನ್ನ ಹೆಸರಲ್ಲಿ ತೆಗೆದುಕೋ."